ಪುಟ್ಟ ಹೆಲಿಕಾಪ್ಟರಿನ ಹೊಟ್ಟೆಯೊಳಗೆ ಏನಿರಬೇಕು?

ಬ್ಯಾಟರಿಯೂ ಸೇರಿ ಮುಕ್ಕಾಲು ಕಿಲೋ ಆಸುಪಾಸು ತೂಗುವ ರಿಮೋಟ್ ಹೆಲಿಕಾಪ್ಟರನ್ನು ಆಟಿಕೆ ಎನ್ನುವವರೇ ಹೆಚ್ಚು. ಅದರ ರೋಟರಿನ ಅಡ್ಡಳತೆ ಸುಮಾರು 70 ಸೆಂಟಿಮೀಟರ್. ನಿಮಿಷಕ್ಕೆ 2700 ಸುತ್ತು ತಿರುಗುವಾಗ ಬ್ಲೇಡಿನ ತುದಿ ಗಂಟೆಗೆ 350 ಕಿಲೋಮೀಟರ್ ವೇಗ ಮುಟ್ಟುತ್ತದೆ. ಇಂಥದ್ದನ್ನು ಗಾಳಿಯಲ್ಲಿ ಹದ್ದುಬಸ್ತಿನಲ್ಲಿಡುವುದು ಆಜ್ಞೆಯಂತೆ ತೋಳು ತಿರುಗಿಸುವ ಬೆರಳ ಗಾತ್ರದ ನಾಲ್ಕು ಸರ್ವೊ, ಅಲುಗಾಟವನ್ನು ಗ್ರಹಿಸುವ, ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ಗೈರೊ ಮತ್ತು ಐದಾರು ವೋಲ್ಟಿನ ಒಂದು ತೆಳು ತಂತಿ. ಹೊಸಬರ ಕಣ್ಣೆಲ್ಲ ಮೋಟಾರಿನ ಮೇಲೆ. ಹೆಲಿಕಾಪ್ಟರ್ ಉಳಿಯುವುದೂ ಉರುಳುವುದೂ ಮಾತ್ರ ಬಹುತೇಕ ಆ ತೆಳು ತಂತಿಯ ಕಡೆಯಿಂದಲೇ.

ರಿಮೋಟಿನಿಂದ ಹೆಲಿಕಾಪ್ಟರ್ ಹಾರಿಸುವುದು ಸಾಧ್ಯವೆಂದು 1970ರ ಹೊತ್ತಿಗೆ ತೋರಿಸಿಕೊಟ್ಟವರಲ್ಲಿ ಜರ್ಮನಿಯ ಡೀಟರ್ ಶ್ಲೂಟರ್ ಮೊದಲಿಗರು. ಆಗ ಎಂಜಿನ್ ಇತ್ತು, ಹೊಗೆ ಇತ್ತು, ಎಣ್ಣೆ ಇತ್ತು. ಲಿಥಿಯಂ ಪಾಲಿಮರ್ ಬ್ಯಾಟರಿ, ಅಂದರೆ ಹವ್ಯಾಸಿಗಳ ಬಾಯಲ್ಲಿ ಲೈಪೊ, ಅಗ್ಗವಾಗಿ ಸಿಗತೊಡಗಿದ ಮೇಲೆ ಚಿತ್ರ ಬದಲಾಯಿತು. 2000ರ ದಶಕದ ಮಧ್ಯಭಾಗದಲ್ಲಿ ತೈವಾನಿನ ಅಲೈನ್ ಕಂಪನಿ ತಂದ ಟಿ-ರೆಕ್ಸ್ 450 ಎಷ್ಟು ಜನಪ್ರಿಯವಾಯಿತೆಂದರೆ, ಸುಮಾರು 325 ಮಿಲಿಮೀಟರ್ ಬ್ಲೇಡಿನ ಹೆಲಿಕಾಪ್ಟರುಗಳನ್ನೆಲ್ಲ ಇಂದಿಗೂ ‘450’ ಎಂದೇ ಕರೆಯುತ್ತಾರೆ. ಈ ಅಳತೆಯದಕ್ಕೆ ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಬಿದ್ದರೆ ರಿಪೇರಿ ದುಬಾರಿಯಲ್ಲ. ಇಲ್ಲಿನ ಲೆಕ್ಕಗಳೆಲ್ಲ ಇದಕ್ಕೇ ಸಂಬಂಧಿಸಿದವು.

ಆಯ್ಕೆ ಶುರುವಾಗಬೇಕಾದದ್ದು ಬ್ಯಾಟರಿಯಿಂದ. ಎಷ್ಟು ವೋಲ್ಟ್ ಎಂದು ಗೊತ್ತಾದರೆ ಮೋಟಾರು ಯಾವುದೆಂದು ಗೊತ್ತಾಗುತ್ತದೆ, ಮೋಟಾರು ಎಷ್ಟು ಕರೆಂಟು ಎಳೆಯುತ್ತದೆಂದು ಗೊತ್ತಾದರೆ ಅದರ ವೇಗ ನಿಯಂತ್ರಕ ಯಾವುದೆಂದು ತಿಳಿಯುತ್ತದೆ. 450ಕ್ಕೆ ರೂಢಿಯಲ್ಲಿರುವುದು ಮೂರು ಸೆಲ್ಲಿನ 2200 ಎಂಎಎಚ್ ಲೈಪೊ. ಒಂದೊಂದು ಸೆಲ್ಲಿಗೆ 3.7 ವೋಲ್ಟಿನಂತೆ ಒಟ್ಟು 11.1 ವೋಲ್ಟ್. ಪೂರ್ತಿ ಚಾರ್ಜಾದಾಗ ಪ್ರತಿ ಸೆಲ್ 4.2ಕ್ಕೆ ಏರುತ್ತದೆ. 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ, ಊದಿಕೊಳ್ಳುತ್ತದೆ. ಹಾಗಾಗಿ ಹವ್ಯಾಸಿಗಳು ಶೇ 80ರಷ್ಟು ಮಾತ್ರ ಬಳಸಿ ಇಳಿಸಿಬಿಡುತ್ತಾರೆ. ಹಾರಾಟದಲ್ಲಿ ಸರಾಸರಿ 20 ಆಂಪಿಯರ್ ಖರ್ಚಾಗುತ್ತದೆ ಎಂದಿಟ್ಟುಕೊಂಡರೆ, 2.2 ಆಂಪಿಯರ್-ಗಂಟೆಯ ಶೇ 80 ಎಂದರೆ ಐದು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಅಷ್ಟೇ. ಇನ್ನೂ ದೊಡ್ಡ ಬ್ಯಾಟರಿ ಹಾಕಿದರೆ ಹತ್ತು ನಿಮಿಷ ಹಾರೀತು ಎಂಬ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಹೆಚ್ಚಿದ ತೂಕವನ್ನು ಎತ್ತಿ ನಿಲ್ಲಿಸುವುದಕ್ಕೇ ಹೊಸ ಶಕ್ತಿಯ ಒಂದು ಪಾಲು ಹೋಗುತ್ತದೆ, ಹೆಲಿಕಾಪ್ಟರ್ ಮಂದವಾಗುತ್ತದೆ.

ಬ್ಯಾಟರಿಯ ಮೈಮೇಲೆ ‘30ಸಿ’ ಎಂದು ಬರೆದಿದ್ದರೆ, ಸಾಮರ್ಥ್ಯದ 30 ಪಟ್ಟು, ಅಂದರೆ 66 ಆಂಪಿಯರ್ ಕೊಡಬಲ್ಲದು ಎಂದರ್ಥ. ಈ ಅಂಕಿಯನ್ನು ಪೂರ್ತಿ ನಂಬುವುದು ಬೇಡ, ಅರ್ಧಕ್ಕೆ ಇಳಿಸಿ ಓದಿಕೊಂಡರೆ ಕ್ಷೇಮ.

ಇನ್ನು ಮೋಟಾರು. ಬ್ರಷ್ ಇಲ್ಲದ ಈ ಮೋಟಾರುಗಳ ಮೇಲೆ 3500 ಕೆವಿ ಎಂದು ನಮೂದಿಸಿರುತ್ತಾರೆ. ಹೊರೆಯಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 3500 ಸುತ್ತು ಎಂಬುದು ಅದರ ಲೆಕ್ಕ. 11.1 ವೋಲ್ಟಿಗೆ 38,850 ಸುತ್ತಾಯಿತು. ಹೊರೆ ಬಿದ್ದಾಗ ಶೇ 15ರಷ್ಟು ಕಳೆದರೆ ಹೆಚ್ಚುಕಡಿಮೆ 33,000. ಮೋಟಾರಿನ ತುದಿಯ ಪುಟ್ಟ ಗೇರಿಗೆ 12 ಹಲ್ಲು, ದೊಡ್ಡ ಗೇರಿಗೆ 150 ಹಲ್ಲು ಇದ್ದರೆ ರೋಟರು ನಿಮಿಷಕ್ಕೆ 2640 ಸುತ್ತು ತಿರುಗುತ್ತದೆ. ಒಂದು ಹಲ್ಲು ಹೆಚ್ಚಿಸಿ 13 ಮಾಡಿದರೆ 2860. ಸಾಸಿವೆಯಷ್ಟಿರುವ ಒಂದು ಹಲ್ಲಿಗೆ ಇನ್ನೂರು ಸುತ್ತಿಗೂ ಮಿಕ್ಕಿ ವ್ಯತ್ಯಾಸ!

ಕರ್ನಾಟಕದ ಹವ್ಯಾಸಿಗಳಿಗೆ ಈ ಲೆಕ್ಕ ಬರೀ ಪುಸ್ತಕದ್ದಲ್ಲ. ಮಂಗಳೂರಿನ ಕಡಲತೀರಕ್ಕೆ ಹೋಲಿಸಿದರೆ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಗಾಳಿ ಸುಮಾರು ಶೇ 8ರಿಂದ 9ರಷ್ಟು ತೆಳು. ಅಷ್ಟೇ ಎತ್ತುವ ಬಲ ಬೇಕೆಂದರೆ ಬ್ಲೇಡಿನ ಓರೆ ಹೆಚ್ಚಿಸಬೇಕು, ಇಲ್ಲವೇ ಸುತ್ತನ್ನು ಶೇ 4ರಷ್ಟು ಏರಿಸಬೇಕು. ಮಂಗಳೂರಿನಲ್ಲಿ 12 ಹಲ್ಲಿನಿಂದ ಚೆನ್ನಾಗಿ ಹಾರಿದ್ದು ಬೆಂಗಳೂರಿನಲ್ಲಿ ತುಸು ಸೋಮಾರಿ ಅನ್ನಿಸಿದರೆ, ದುಬಾರಿ ಮೋಟಾರು ಹುಡುಕುವ ಬದಲು 13 ಹಲ್ಲಿನ ಗೇರು ಹಾಕಿ ನೋಡಬಹುದು. ಆಗ ಕರೆಂಟಿನ ಖರ್ಚು ಹೆಚ್ಚುತ್ತದೆ, ಹಾರಾಟದ ಸಮಯ ಕುಗ್ಗುತ್ತದೆ. ಮೊದಲ ಹಾರಾಟದ ನಂತರ ಮೋಟಾರನ್ನು ಮುಟ್ಟಿ ನೋಡಬೇಕು. ಬೆರಳು ಇಡಲಾಗದಷ್ಟು ಸುಟ್ಟರೆ ಗೇರಿನ ಆಯ್ಕೆ ತಪ್ಪಿದೆ.

ಮೋಟಾರಿಗೂ ಬ್ಯಾಟರಿಗೂ ನಡುವೆ ಕೂರುವುದು ವೇಗ ನಿಯಂತ್ರಕ. ಎಲ್ಲರೂ ಇದನ್ನು ಇಎಸ್‌ಸಿ ಎಂದೇ ಕರೆಯುತ್ತಾರೆ. 450ಕ್ಕೆ 35ರಿಂದ 40 ಆಂಪಿಯರಿನದು ಸಾಕು. ಅರ್ಧ ಥ್ರಾಟಲಿನಲ್ಲಿ ಓಡಿಸಿದರೆ ಇಎಸ್‌ಸಿ ತಣ್ಣಗಿರುತ್ತದೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕ. ಅದು ಕ್ಷಣಕ್ಕೆ ಸಾವಿರಾರು ಸಲ ಕರೆಂಟನ್ನು ಹರಿಸಿ ತಡೆಯುವ ಯಂತ್ರ. ಅರ್ಧಂಬರ್ಧ ಥ್ರಾಟಲಿನಲ್ಲಿ ಅದಕ್ಕೆ ಕಷ್ಟ ಹೆಚ್ಚು. ಹಾಗಾಗಿ ಶೇ 80ರ ಆಸುಪಾಸಿನಲ್ಲಿ ಓಡುವಂತೆ ಗೇರು ಹೊಂದಿಸಿಕೊಳ್ಳುವುದೇ ಜಾಣತನ. ಮೆಲ್ಲನೆ ಶುರುವಾಗುವ ಸೌಲಭ್ಯ ಇರಲೇಬೇಕು, ಇಲ್ಲದಿದ್ದರೆ ದೊಡ್ಡ ಗೇರಿನ ಹಲ್ಲು ಮೊದಲ ದಿನವೇ ಉದುರುತ್ತದೆ. ವಿಮಾನಕ್ಕೆಂದು ಮಾಡಿದ ಇಎಸ್‌ಸಿ ಬ್ಯಾಟರಿ ಇಳಿದ ಕೂಡಲೇ ಮೋಟಾರನ್ನು ದಿಢೀರನೆ ನಿಲ್ಲಿಸಬಹುದು. ವಿಮಾನವಾದರೆ ತೇಲಿಕೊಂಡು ಬರುತ್ತದೆ. ಹೊಸಬರ ಕೈಯಲ್ಲಿರುವ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ.

ಇದೇ ಇಎಸ್‌ಸಿಯೊಳಗೆ ಅಡಗಿರುವ ಇನ್ನೊಂದು ಸಣ್ಣ ಭಾಗದ ಹೆಸರು ಬಿಇಸಿ. ಬ್ಯಾಟರಿಯ 11-12 ವೋಲ್ಟನ್ನು ಐದಕ್ಕೋ ಆರಕ್ಕೋ ಇಳಿಸಿ, ಮೊದಲು ಹೇಳಿದ ಆ ತೆಳು ತಂತಿಯ ಮೂಲಕ, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್, ಗೈರೊ, ಸರ್ವೊಗಳಿಗೆ ಉಣಿಸುವ ಕೆಲಸ ಇದರದು. ಅಗ್ಗದ ಇಎಸ್‌ಸಿಗಳಲ್ಲಿರುವ ಲೀನಿಯರ್ ಬಿಇಸಿ ಹೆಚ್ಚುವರಿ ವೋಲ್ಟನ್ನು ಶಾಖವಾಗಿ ಸುಟ್ಟು ಕಳೆಯುತ್ತದೆ. 12.6 ವೋಲ್ಟಿನಿಂದ 5ಕ್ಕೆ ಇಳಿಸುತ್ತ 2 ಆಂಪಿಯರ್ ಕೊಡಬೇಕಾದರೆ 15 ವಾಟ್ ಶಾಖ ಹುಟ್ಟುತ್ತದೆ. ಹೆಬ್ಬೆರಳಗಲದ ಸರ್ಕ್ಯೂಟ್ ಹಲಗೆ ಇದನ್ನು ತಾಳಿಕೊಳ್ಳಬೇಕು! ತಾಳದೆ ಕ್ಷಣಕಾಲ ಕೈಕೊಟ್ಟರೂ ರಿಸೀವರಿನ ವೋಲ್ಟೇಜು ಕುಸಿಯುತ್ತದೆ. ಮೊದಮೊದಲ 2.4 ಗಿಗಾಹರ್ಟ್ಸ್ ರಿಸೀವರುಗಳಲ್ಲಿ ಕೆಲವು ಹೀಗೆ ಕಣ್ಣು ಮುಚ್ಚಿದರೆ ಮತ್ತೆ ಎಚ್ಚರಗೊಳ್ಳಲು ಹಲವು ಸೆಕೆಂಡು ತೆಗೆದುಕೊಳ್ಳುತ್ತಿದ್ದವು. ಅಷ್ಟರಲ್ಲಿ ಹೆಲಿಕಾಪ್ಟರ್ ನೆಲ ಕಂಡಿರುತ್ತಿತ್ತು, ಹಾರಿಸಿದವರು ಸಿಗ್ನಲ್ಲನ್ನು ಬೈಯುತ್ತಿದ್ದರು. ಈಗಿನವು ಬೇಗ ಚೇತರಿಸಿಕೊಳ್ಳುತ್ತವೆ. ಆದರೂ ಮೂರು ಸೆಲ್ಲಿನ ಬ್ಯಾಟರಿ, ನಾಲ್ಕು ಡಿಜಿಟಲ್ ಸರ್ವೊ ಇರುವ ಕಡೆ ಸ್ವಿಚಿಂಗ್ ಮಾದರಿಯ ಬಿಇಸಿಯೇ ಬೇಕು. ಇಎಸ್‌ಸಿಯಲ್ಲಿ ಅದಿಲ್ಲದಿದ್ದರೆ ಬೇರೆಯಾಗಿ ಕೊಂಡು ಜೋಡಿಸಬಹುದು. ಆಗ ಇಎಸ್‌ಸಿಯಿಂದ ರಿಸೀವರಿಗೆ ಹೋಗುವ ಕೆಂಪು ತಂತಿಯನ್ನು ಕಳಚಿಡಬೇಕು. ಒಂದು ಜೊತೆ ಹೊಸ ಬ್ಲೇಡಿಗೆ ಕೊಡುವ ದುಡ್ಡನ್ನು ಇಲ್ಲಿ ಹಾಕಿದರೆ ಎಷ್ಟೋ ಬ್ಲೇಡು ಉಳಿಯುತ್ತವೆ.

ಸರ್ವೊಗಳ ಪೈಕಿ ಮೂರು ಮುಖ್ಯ ರೋಟರಿನ ಕೆಳಗಿನ ತಟ್ಟೆಯನ್ನು ಒಟ್ಟಾಗಿ ಎತ್ತಿ, ಇಳಿಸಿ, ವಾಲಿಸುತ್ತವೆ. ಮೂರೂ ಒಂದೇ ಮಾದರಿಯವಾಗಿರಲಿ. ಒಂದು ಚುರುಕು, ಇನ್ನೊಂದು ನಿಧಾನವಾದರೆ ಮೇಲೇರುವಾಗಲೇ ಹೆಲಿಕಾಪ್ಟರ್ ವಾಲುತ್ತದೆ. ಒಂಬತ್ತರಿಂದ ಹನ್ನೆರಡು ಗ್ರಾಂ ತೂಗುವ, 60 ಡಿಗ್ರಿ ತಿರುಗಲು ಸೆಕೆಂಡಿನ ಹತ್ತನೇ ಒಂದು ಭಾಗ ತೆಗೆದುಕೊಳ್ಳುವ ಸರ್ವೊ ಇಲ್ಲಿಗೆ ಸಾಕು. ಬಾಲದ ಸರ್ವೊಗೆ ಮಾತ್ರ ಅದರ ಎರಡರಷ್ಟು ಚುರುಕು ಬೇಕು. ಬಾಲವನ್ನು ನೇರವಾಗಿ ಹಿಡಿದಿಡಲು ಗೈರೊ ಅದಕ್ಕೆ ಸೆಕೆಂಡಿಗೆ ಮುನ್ನೂರು ಚಿಲ್ಲರೆ ಬಾರಿ ಆಜ್ಞೆ ಕಳಿಸುತ್ತಿರುತ್ತದೆ. ಸೆಕೆಂಡಿಗೆ 50 ಆಜ್ಞೆಗೆಂದೇ ಮಾಡಿದ ಅನಲಾಗ್ ಸರ್ವೊವನ್ನು ಅಲ್ಲಿ ಚುಚ್ಚಿದರೆ ಅದು ಬಿಸಿಯಾಗಿ ಸುಟ್ಟುಹೋಗುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಸಾಮಾನ್ಯ ಸರ್ವೊ ನಡುವೆ ನಿಲ್ಲುವುದು 1520 ಮೈಕ್ರೊಸೆಕೆಂಡಿನ ಸಂಕೇತಕ್ಕೆ, ಬಾಲಕ್ಕೆಂದೇ ಮಾಡಿದ ಕೆಲವು ನಿಲ್ಲುವುದು 760ಕ್ಕೆ. ಗೈರೊದಲ್ಲಿ ಇದನ್ನು ತಪ್ಪಾಗಿ ಹೊಂದಿಸಿದರೆ ಸರ್ವೊ ಒಂದು ಮೂಲೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಹಿಂದೆ ರೋಟರಿನ ತಲೆಯಲ್ಲಿ ತೂಕದ ತುದಿಗಳಿರುವ ಒಂದು ಅಡ್ಡ ಸಲಾಕೆ ಸ್ಥಿರತೆ ಕೊಡುತ್ತಿತ್ತು, ಬಾಲಕ್ಕೆ ಫುಟಾಬಾದ ಜಿವೈ401ನಂಥ ಗೈರೊ ಬೇರೆ ಬೇಕಾಗುತ್ತಿತ್ತು. ಜರ್ಮನಿಯ ಮಿಕಾಡೊ ಕಂಪನಿಯ ವಿ-ಬಾರ್, ಆಮೇಲೆ ಬೀಸ್ಟ್‌ಎಕ್ಸ್ ಮೊದಲಾದವು ಬಂದ ಮೇಲೆ ಮೂರೂ ದಿಕ್ಕಿನ ಅಲುಗಾಟವನ್ನು ಒಂದೇ ಪೆಟ್ಟಿಗೆ ನೋಡಿಕೊಳ್ಳುತ್ತದೆ, ಸಲಾಕೆ ಮಾಯವಾಯಿತು. ಇಂದು ಹೊಸದಾಗಿ ಕಟ್ಟುವವರು ಇದನ್ನೇ ಆರಿಸಲಿ. ಹಳೆಯ ಸಲಾಕೆಯ ಹೆಲಿಕಾಪ್ಟರ್ ಯಾರಾದರೂ ಅಗ್ಗಕ್ಕೆ ಕೊಟ್ಟರೆ ಕಲಿಯಲು ಅದೂ ಒಳ್ಳೆಯದೇ. ಅಂದಹಾಗೆ, ಈ ಪೆಟ್ಟಿಗೆಗೆ ನಡುಕ ಆಗದು. ದಪ್ಪ ಅಂಟುಪಟ್ಟಿಯ ಮೇಲೆ ಕೂರಿಸಬೇಕು, ಬ್ಲೇಡುಗಳನ್ನು ಸಮತೂಕ ಮಾಡಿಕೊಳ್ಳಬೇಕು.

ರಿಮೋಟಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆರು ಚಾನೆಲ್ ಇರಲಿ, ಹೆಲಿಕಾಪ್ಟರಿಗೆ ಬೇಕಾದ ಥ್ರಾಟಲ್ ಮತ್ತು ಪಿಚ್ (ಬ್ಲೇಡಿನ ಓರೆ) ರೇಖೆಗಳನ್ನು ಹೊಂದಿಸುವ ಸೌಲಭ್ಯ ಇರಲಿ. ಹೆಲಿಕಾಪ್ಟರ್ ಮುರಿದರೂ ರಿಮೋಟು ವರ್ಷಗಟ್ಟಲೆ ಬಾಳುತ್ತದೆ, ಹಾಗಾಗಿ ಇಲ್ಲಿ ಜಿಪುಣತನ ಬೇಡ. ಅದನ್ನೇ ಕಂಪ್ಯೂಟರಿಗೆ ಜೋಡಿಸಿ ಸಿಮ್ಯುಲೇಟರಿನಲ್ಲಿ ಅಭ್ಯಾಸವನ್ನೂ ಮಾಡಬಹುದು.

ಭಾರತದಲ್ಲಿ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂನಿಂದ 2 ಕಿಲೋವರೆಗಿನದು ಮೈಕ್ರೊ ವರ್ಗ; ಮುಕ್ಕಾಲು ಕಿಲೋದ ನಮ್ಮ ಹೆಲಿಕಾಪ್ಟರ್ ಇದರಲ್ಲೇ ಬರುತ್ತದೆ. ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಈ ವರ್ಗದಲ್ಲಿ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಆದರೆ ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಜಾಗ ಹಸಿರು, ಹಳದಿ, ಕೆಂಪು ವಲಯಗಳಲ್ಲಿ ಯಾವುದಕ್ಕೆ ಸೇರಿದೆಯೆಂದು ಸರ್ಕಾರದ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಎಚ್ಎಎಲ್, ಜಕ್ಕೂರು, ಯಲಹಂಕದ ವಿಮಾನ ನಿಲ್ದಾಣಗಳಿರುವ ಬೆಂಗಳೂರಿನಲ್ಲಂತೂ ಇದನ್ನು ಮರೆಯುವಂತಿಲ್ಲ.

ಎಲ್ಲ ಜೋಡಿಸಿ ಮೇಜಿನ ಮೇಲೆ ಮೊದಲ ಸಲ ಬ್ಯಾಟರಿ ಚುಚ್ಚುವ ಮುನ್ನ, ಮೋಟಾರಿಗೆ ಹೋಗುವ ಮೂರು ತಂತಿಗಳಲ್ಲಿ ಎರಡನ್ನು ಕಳಚಿ, ತುದಿಗಳು ಒಂದಕ್ಕೊಂದು ತಾಗದಂತೆ ಟೇಪು ಸುತ್ತಿಡಿ. ಸರ್ವೊ, ಗೈರೊ, ರಿಸೀವರ್ ಎಲ್ಲವನ್ನೂ ಹೊಂದಿಸಿ ಮುಗಿಸಿದ ಮೇಲೆ, ಬಯಲಿನಲ್ಲಿ ಸುತ್ತ ಯಾರೂ ಇಲ್ಲದಾಗ ಮಾತ್ರ ಅವನ್ನು ಮತ್ತೆ ಸೇರಿಸಿ.