ಬೆಂಕಿಪುರದ ಕುಲುಮೆ

ತುಮಕೂರಿನ ಬಯಲುಸೀಮೆಯಿಂದ ರೈಲನ್ನೇರಿ ಬೀರೂರು, ತರೀಕೆರೆಗಳನ್ನು ದಾಟಿ ಶಿವಮೊಗ್ಗದತ್ತ ಸಾಗುವ ಪ್ರಯಾಣಿಕರಿಗೆ ಭದ್ರಾವತಿಯ ಹೊಗೆಗೊಳವೆಗಳು ಒಂದು ಕಾಲದಲ್ಲಿ ದೂರದಿಂದಲೇ ಕಾಣಸಿಗುತ್ತಿದ್ದವು. ಭದ್ರಾ ನದಿಯ ದಡದ ಈ ಊರಿನ ಹಳೆಯ ಹೆಸರು ಬೆಂಕಿಪುರ. ಕಾರ್ಖಾನೆ ಬರುವ ಮೊದಲೇ ಈ ಹೆಸರಿತ್ತೆಂಬುದು ವಿಶೇಷ!

ಮೈಸೂರು ಸಂಸ್ಥಾನವು 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಕೈಗೆತ್ತಿಕೊಂಡಿತು. ಉತ್ಪಾದನೆ ಆರಂಭವಾದುದು 1923ರಲ್ಲಿ. ಕಲ್ಲಿದ್ದಲು ಬಹು ದೂರದಲ್ಲಿದ್ದ ಕಾರಣ ಮಲೆನಾಡಿನ ಮರವನ್ನೇ ಸುಟ್ಟು ಇದ್ದಿಲು ಮಾಡಿ ಕುಲುಮೆಗೆ ಹಾಕಲಾಯಿತು. ಕೆಮ್ಮಣ್ಣುಗುಂಡಿಯ ಅದಿರು ಹಗ್ಗದ ಹಾದಿಯಲ್ಲಿ ಬೆಟ್ಟವಿಳಿದು, ಅಲ್ಲಿಂದ ಕಿರಿಯ ರೈಲಿನಲ್ಲಿ ಊರು ಸೇರುತ್ತಿತ್ತು. ಕಾಡು ತೆತ್ತ ಬೆಲೆಯನ್ನು ಆಗ ಲೆಕ್ಕ ಹಾಕಿದವರು ಕಡಿಮೆ.

ಮೊದಲ ವರುಷಗಳಲ್ಲಿ ನಷ್ಟವೇ ನಷ್ಟ. ಆಗ ಆಡಳಿತದ ಹೊಣೆ ಹೊತ್ತವರು ಸರ್ ಎಂ. ವಿಶ್ವೇಶ್ವರಯ್ಯನವರು. ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಅವರು ಪಡೆಯಲಿಲ್ಲ. ಆ ಹಣ ಮುಂದೆ ಬೆಂಗಳೂರಿನ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಗೆ ಮೂಲವಾಯಿತು. 1936ರಲ್ಲಿ ಉಕ್ಕಿನ ಘಟಕ ಬಂದಿತು. ಸಿಮೆಂಟು, ಕಾಗದದ ಕಾರ್ಖಾನೆಗಳೂ ನೆರೆಯಲ್ಲಿಯೇ ತಲೆಯೆತ್ತಿದವು.

ಕೆಲಸವನ್ನರಸಿ ತಮಿಳು, ತೆಲುಗು, ಮಲಯಾಳ ನಾಡುಗಳಿಂದಲೂ ಕರಾವಳಿಯಿಂದಲೂ ಬಂದ ಕುಟುಂಬಗಳಲ್ಲಿ ನಮ್ಮ ಕಥೋಲಿಕರೂ ಇದ್ದರು. ಆಗ ಮೈಸೂರು ಧರ್ಮಪ್ರಾಂತಕ್ಕೆ ಸೇರಿದ್ದ ಈ ಪ್ರದೇಶವು 1963ರಲ್ಲಿ ಚಿಕ್ಕಮಗಳೂರಿಗೂ, 1988ರಲ್ಲಿ ಹೊಸ ಶಿವಮೊಗ್ಗ ಧರ್ಮಪ್ರಾಂತಕ್ಕೂ ಸೇರಿತು. ಕಂಪೆನಿಯ ವಸತಿಗೃಹಗಳಲ್ಲಿ ಹುಟ್ಟಿ, ಪಾಳಿಯ ಸೈರನ್ನಿನ ದನಿಗೆ ಎದ್ದು ಬೆಳೆದವರಿಗೆ ಊರೆಂದರೆ ಕಾರ್ಖಾನೆಯೇ. ಅವರ ಮನೆಮಾತು ಬೇರೆಯಾದರೂ ಬೀದಿಯ ಮಾತು ಕನ್ನಡವಾಯಿತು. ಹಿರಿಯರು ನಮ್ಮ ನಡುವೆ ಇರುವಾಗಲೇ ಅವರ ನೆನಪುಗಳನ್ನು ಬರೆದಿಡುವ ಕೆಲಸ ಪ್ರತಿ ಮನೆಯಲ್ಲಿಯೂ ಆಗಬೇಕು. ಲೆಕ್ಕಪತ್ರದಲ್ಲಿ ಅವು ಸಿಗಲಾರವು.

1989ರಲ್ಲಿ ಕಾರ್ಖಾನೆಯು ಕೇಂದ್ರದ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರಲ್ಲಿಯೇ ವಿಲೀನಗೊಂಡಿತು. ಸ್ವಂತ ಗಣಿಯಿಲ್ಲದೆ, ಹೊಸ ಬಂಡವಾಳವಿಲ್ಲದೆ ಸೊರಗಿತು. ಖಾಸಗಿಯವರಿಗೆ ಮಾರುವ ಯತ್ನವೂ ಫಲಿಸಲಿಲ್ಲ. ಶತಮಾನೋತ್ಸವ ನಡೆಯಬೇಕಿದ್ದ 2023ರ ಆರಂಭದಲ್ಲಿಯೇ ಮುಚ್ಚುವ ತೀರ್ಮಾನ ಹೊರಬಿದ್ದಿತು. ಕಾಯಂ ನೌಕರರಿಗೆ ಬೇರೆಡೆಯ ವರ್ಗಾವಣೆಯ ದಾರಿಯಾದರೂ ಇತ್ತು. ಗುತ್ತಿಗೆ ಕಾರ್ಮಿಕರಿಗೆ ಅದೂ ಇರಲಿಲ್ಲ. ಅವರು ತಿಂಗಳುಗಟ್ಟಲೆ ಧರಣಿ ಕುಳಿತರು. ಅದೇ ವರುಷ ಆಗಸ್ಟಿನಲ್ಲಿ ಉಕ್ಕನ್ನು ಸರಳುಗಳಾಗಿ ಎಳೆಯುವ ಘಟಕ ಮತ್ತೆ ತಿರುಗಿತು. ಆದರೆ ಅದಕ್ಕೆ ಬೇಕಾದ ಉಕ್ಕಿನ ಗಟ್ಟಿಗಳು ಹೊರಗಿನಿಂದ ಬಂದವು. ಬೆಂಕಿಪುರದ ಕುಲುಮೆಗೆ ಬೆಂಕಿ ಬೀಳಲಿಲ್ಲ.