ಓರ್ಕಾ ಕುಲಕ್ಕೆ ಶಾಸನದ ರಕ್ಷೆ

ಅಮೆರಿಕದ ವಾಷಿಂಗ್ಟನ್ ರಾಜ್ಯಕ್ಕೂ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕೂ ನಡುವೆ, ದ್ವೀಪಗಳ ಸಂದಿಗೊಂದಿಗಳಲ್ಲಿ ಹರಡಿಕೊಂಡಿರುವ ಸೇಲಿಷ್ ಸಮುದ್ರವನ್ನು ತಲೆತಲಾಂತರದಿಂದ ಆಶ್ರಯಿಸಿರುವ ಓರ್ಕಾ ತಿಮಿಂಗಿಲಗಳ ಕುಲವೊಂದುಂಟು. ಪ್ರಾಣಿವಿಜ್ಞಾನಿಗಳು ‘ದಕ್ಷಿಣದ ನಿವಾಸಿಗಳು’ ಎಂದು ಕರೆಯುವ, ಜೆ, ಕೆ, ಎಲ್ ಎಂಬ ಮೂರು ಬಳಗಗಳಾಗಿ ಬಾಳುವ ಈ ಕುಲದಲ್ಲಿ ಇಂದು ಉಳಿದಿರುವ ಜೀವಗಳು ಸುಮಾರು 75 ಮಾತ್ರ.

ಹೆಸರಿಗೆ ತಿಮಿಂಗಿಲವಾದರೂ ಓರ್ಕಾ ಡಾಲ್ಫಿನ್ನುಗಳ ವಂಶದಲ್ಲಿಯೇ ಅತ್ಯಂತ ದೊಡ್ಡದು. ಈ ನಿವಾಸಿ ಕುಲದ ಸಂಸಾರವಾದರೋ ಸಂಪೂರ್ಣವಾಗಿ ಮಾತೃಪ್ರಧಾನವಾದುದು. ಹೆಣ್ಣಾಗಲಿ ಗಂಡಾಗಲಿ, ಹುಟ್ಟಿದ ಮರಿ ಆಮರಣಾಂತ ತಾಯಿಯ ಸಂಗವನ್ನು ಬಿಡುವುದಿಲ್ಲ. ನಲವತ್ತರ ಸುಮಾರಿಗೆ ಹೆರಿಗೆ ನಿಂತ ಮೇಲೆಯೂ ದಶಕಗಳ ಕಾಲ ಬದುಕುವ ಮುದಿ ತಾಯಂದಿರು, ಮೀನು ವಿರಳವಾದ ವರ್ಷಗಳಲ್ಲಿ ಬಳಗದ ಮುಂದೆ ಈಜುತ್ತ ದಾರಿ ತೋರುವರೆಂಬುದು ದೀರ್ಘಕಾಲದ ಅವಲೋಕನದಿಂದ ಸಿದ್ಧವಾಗಿದೆ. ಬಳಗಬಳಗಕ್ಕೂ ತನ್ನದೇ ಆದ ಕೂಗುಗಳ ಪರಂಪರೆಯಿದ್ದು, ಮರಿಗಳು ಅದನ್ನು ಹಿರಿಯರಿಂದ ಕಲಿಯುತ್ತವೆ. ಆಹಾರದ ವಿಷಯದಲ್ಲಿಯೂ ಇದೇ ನಿಷ್ಠೆ: ಇವುಗಳ ಮುಖ್ಯಾಹಾರ ಚಿನೂಕ್ ಎಂಬ ಜಾತಿಯ ಸಾಲ್ಮನ್ ಮೀನು. ಓರ್ಕಾ ಹೊರಡಿಸಿದ ಧ್ವನಿತರಂಗ ಮೀನಿನ ಒಡಲಿನ ಗಾಳಿಚೀಲಕ್ಕೆ ತಾಗಿ ಮರಳುವಾಗ, ಆ ಪ್ರತಿಧ್ವನಿಯಲ್ಲಿಯೇ ಜಾತಿಭೇದದ ಗುರುತಿರುವುದರಿಂದ, ಮಬ್ಬು ನೀರಿನಲ್ಲಿಯೂ ಚಿನೂಕನ್ನು ಆರಿಸಿಕೊಳ್ಳಲು ಅದಕ್ಕೆ ಸಾಧ್ಯವಾಗುತ್ತದೆ. ಅದೇ ಸಮುದ್ರದಲ್ಲಿ ಸೀಲುಗಳನ್ನು ಬೇಟೆಯಾಡುವ ಇನ್ನೊಂದು ಬಗೆಯ ಓರ್ಕಾಗಳೂ ಸಂಚರಿಸುತ್ತವೆಯಾದರೂ, ಇವೆರಡರ ನಡುವೆ ಕೂಡಾಟವಿಲ್ಲ.

ಈ ಪ್ರತ್ಯೇಕತೆಯನ್ನು ನಾನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು: ಈ ಕುಲದ ಅಳಿವು ಉಳಿವುಗಳು ನ್ಯಾಯಾಲಯಗಳಲ್ಲಿ ತೂಗಿದುದು ಇದರ ಮೇಲೆಯೇ. 1960 ಮತ್ತು 70ರ ದಶಕಗಳಲ್ಲಿ ಪ್ರದರ್ಶನದ ಕೊಳಗಳಿಗಾಗಿ ಎಳೆಯ ಓರ್ಕಾಗಳನ್ನು ಬಲೆಯೊಡ್ಡಿ ಹಿಡಿದೊಯ್ದು ಕುಲದ ಒಂದು ತಲೆಮಾರನ್ನೇ ಬರಿದುಮಾಡಿದ ಮೇಲೆ, ಚೇತರಿಸಿಕೊಂಡು 1995ರಲ್ಲಿ 98ಕ್ಕೆ ಏರಿದ್ದ ಸಂಖ್ಯೆ ಆರೇ ವರ್ಷಗಳಲ್ಲಿ 80ರ ಆಸುಪಾಸಿಗೆ ಕುಸಿಯಿತು. ಆದರೂ 2002ರಲ್ಲಿ, ಜಗತ್ತಿನ ಓರ್ಕಾಗಳೆಲ್ಲ ಒಂದೇ ಪ್ರಭೇದವೆಂಬ ಹಳೆಯ ವರ್ಗೀಕರಣವನ್ನು ಮುಂದಿಟ್ಟು, ಅಮೆರಿಕದ ಸಾಗರ ಮೀನುಗಾರಿಕಾ ಇಲಾಖೆ ರಕ್ಷಣೆಯನ್ನು ನಿರಾಕರಿಸಿತು. ಮರುವರ್ಷ ನ್ಯಾಯಾಲಯ ಆ ನಿರ್ಣಯವನ್ನು ತಳ್ಳಿಹಾಕಿತು. 1973ರ ವಿನಾಶೋನ್ಮುಖ ಜೀವಿಗಳ ಶಾಸನದ ಪಟ್ಟಿಯಲ್ಲಿ ಈ ಕುಲಕ್ಕೆ ಸ್ಥಾನ ದೊರೆತುದು 2005ರಲ್ಲಿ.

ಆ ಸ್ಥಾನವನ್ನು ಕಿತ್ತುಹಾಕಬೇಕೆಂಬ ಅರ್ಜಿ 2012ರಲ್ಲಿ ಬಂದುದು ಕಡಲತೀರದಿಂದಲ್ಲ, ದೂರದ ಕ್ಯಾಲಿಫೋರ್ನಿಯದ ಸ್ಯಾನ್ ವಾಕೀನ್ ಕಣಿವೆಯ ಬೇಸಾಯಗಾರರ ಕಡೆಯಿಂದ. ಓರ್ಕಾಗಳು ತಿನ್ನುವ ಸಾಲ್ಮನ್ ಸ್ಯಾಕ್ರಮೆಂಟೊ ನದಿಯಲ್ಲಿಯೂ ಹುಟ್ಟುವುದರಿಂದ, ಅದರ ಸಲುವಾಗಿ ನದಿಯಲ್ಲಿ ನೀರುಳಿಸಬೇಕಾಗಿ, ಹೊಲಗಳ ಪಾಲು ಕಡಿಮೆಯಾಗಿತ್ತು. ನೀರಿಲ್ಲದ ರೈತನ ಸಂಕಟ ಸಣ್ಣದಲ್ಲ; ಆದರೆ ಅದರ ಪರಿಹಾರಕ್ಕಾಗಿ ಒಂದು ಕುಲದ ಅಸ್ತಿತ್ವವನ್ನೇ ಅಲ್ಲಗಳೆಯುವುದು ಧರ್ಮವೆಂದು ನನಗೆ ತೋರುವುದಿಲ್ಲ. ಇವು ಉತ್ತರ ಪೆಸಿಫಿಕ್ಕಿನ ವಿಶಾಲ ಸಮುದಾಯದ ಒಂದು ತುಣುಕು ಮಾತ್ರವೆಂಬ ವಾದವನ್ನು ಪರಿಶೀಲಿಸಿದ ಅದೇ ಇಲಾಖೆ, ಅನುವಂಶೀಯ ಲಕ್ಷಣ, ಆಹಾರ, ಕೂಗು, ಸಂಚಾರಗಳೆಲ್ಲವೂ ಪ್ರತ್ಯೇಕವೆಂದು ಕಂಡು 2013ರಲ್ಲಿ ರಕ್ಷಣೆಯನ್ನು ಮುಂದುವರಿಸಿತು. 2024ರಲ್ಲಂತೂ ವಿಜ್ಞಾನಿಗಳ ತಂಡವೊಂದು ಮೀನು ತಿನ್ನುವ ಓರ್ಕಾಗಳನ್ನೂ ಸೀಲು ತಿನ್ನುವವನ್ನೂ ಬೇರೆಬೇರೆ ಪ್ರಭೇದಗಳೆಂದೇ ಎಣಿಸಬೇಕೆಂದು ಪ್ರತಿಪಾದಿಸಿದೆ.

ಇಂದಿನ ಅಪಾಯ ಸೂಕ್ಷ್ಮತರವಾದುದು. ದೋಣಿಯಲ್ಲಿ ನಿಂತು ವಾಸನೆ ಹಿಡಿಯುವ ನಾಯಿಗಳ ನೆರವಿನಿಂದ ಓರ್ಕಾಗಳ ಮಲವನ್ನು ಸಂಗ್ರಹಿಸಿ, ಅದರಲ್ಲಿನ ಹಾರ್ಮೋನುಗಳನ್ನು ಪರೀಕ್ಷಿಸಿದ ಸಂಶೋಧಕರಿಗೆ, 2008ರಿಂದ 2014ರವರೆಗಿನ ಬಸಿರುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವಿಫಲವಾದುದು ತಿಳಿದುಬಂತು. ಅದಕ್ಕೆ ಮುಖ್ಯ ಕಾರಣ ಚಿನೂಕಿನ ಅಭಾವ. ಹಸಿದ ಪ್ರಾಣಿಯ ಕೊಬ್ಬು ಕರಗಿದಂತೆ, ಅದರಲ್ಲಿ ಹುದುಗಿದ್ದ ಪಿ.ಸಿ.ಬಿ. ಮೊದಲಾದ ಕೈಗಾರಿಕಾ ವಿಷಗಳು ರಕ್ತಕ್ಕಿಳಿದು, ಹಾಲಿನ ಮೂಲಕ ಮರಿಗೂ ಸೇರುತ್ತವೆ. ಹೀಗಿರುವಾಗ, ಜೀವಿಯ ಆಹಾರಕ್ಕೂ ಸಂತಾನಕ್ಕೂ ಕುಂದು ತಂದು ಅದನ್ನು ಸಾವುನೋವಿಗೆ ಗುರಿಮಾಡುವಂತೆ ನೆಲೆಯನ್ನು ಕೆಡಿಸುವುದೂ ಶಾಸನ ನಿಷೇಧಿಸಿರುವ ‘ಹಾನಿ’ಯೇ ಎಂದು ಸಾರುವ ವ್ಯಾಖ್ಯೆಯನ್ನು ನಿಯಮಗಳಿಂದ ತೆಗೆದುಹಾಕುವ ಪ್ರಸ್ತಾವವನ್ನು ಅಮೆರಿಕ ಸರ್ಕಾರ 2025ರ ಏಪ್ರಿಲಿನಲ್ಲಿ ಮುಂದಿಟ್ಟಿತು. ಸೇಲಿಷ್ ಸಮುದ್ರದಲ್ಲಿ ಇಂದು ಓರ್ಕಾವನ್ನು ಬಲೆಯೊಡ್ಡಿ ಹಿಡಿಯುವವರಿಲ್ಲ. ಅದನ್ನು ಕೊಲ್ಲುತ್ತಿರುವುದು ಹಸಿವು. ಹಸಿವಿಗೀಡುಮಾಡುವುದು ಹಾನಿಯಲ್ಲವೆಂದಾದರೆ, ಪಟ್ಟಿಯಲ್ಲಿ ಹೆಸರಿದ್ದೂ ಈ ಕುಲಕ್ಕೆ ಅದರಿಂದ ದೊರೆಯತಕ್ಕ ರಕ್ಷಣೆ ಅತ್ಯಲ್ಪ.