ಸೇವ್ ಆಯಿತು, ಎದ್ದು ಬರಲಿಲ್ಲ

ತಾಂಡೂರಿಗೂ ವಿಕಾರಾಬಾದಿಗೂ ನಡುವೆ ಸಿಗುವ ಊರು ಧಾರೂರು. ಅಲ್ಲಿಂದ ಹೈದರಾಬಾದ್ ಕಡೆಗೆ ಹೊರಟು ಶಾಬಾದ್ ಮಂಡಲದ ಚಂದನವೆಳ್ಳಿಗೆ ಬಂದರೆ ಊರಿನ ಪಕ್ಕದಲ್ಲೇ ಅಮೆಜಾನ್ ಕಂಪನಿಯ ಡೇಟಾ ಸೆಂಟರ್ ಇದೆ. 2022ರ ನವೆಂಬರ್‌ನಲ್ಲಿ ಶುರುವಾದ ಅದರ ಹೈದರಾಬಾದ್ ಕ್ಲೌಡ್ ವಲಯದ ಒಂದು ತುಂಡು ಅದು. ತಾಂಡೂರು, ಜಹೀರಾಬಾದ್, ನಾರಾಯಣಖೇಡದ ಕನ್ನಡ ಮನೆಗಳಿಂದ ಬಿ.ಟೆಕ್ ಮುಗಿಸಿ ಮಾಧಾಪುರ, ಗಚ್ಚಿಬೌಲಿಗೆ ಹೋದ ಹುಡುಗ ಹುಡುಗಿಯರಲ್ಲಿ ಹಲವರಿಗೆ ಇಂಥ ಯಂತ್ರಗಳನ್ನು ಕಾಯುವುದೇ ಕೆಲಸ. ರಾತ್ರಿ ಪಾಳಿಯಲ್ಲಿ ಯಾವುದೋ ಅಪ್‌ಡೇಟ್ ಹಾಕುವ ಮುಂಚೆ ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಧೈರ್ಯದ ಮಾತು ಒಂದಿದೆ: "ಸ್ನ್ಯಾಪ್‌ಶಾಟ್ ತಗೊಂಡೀನಿ, ಹೆದರಬ್ಯಾಡ."

ಈ ಧೈರ್ಯ ಅರ್ಧ ಮಾತ್ರ ನಿಜ.

ವರ್ಚುವಲ್ ಮಷೀನ್ ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿಕೊಟ್ಟ ಇನ್ನೊಂದು ಕಂಪ್ಯೂಟರ್. ಲಿನಕ್ಸ್ ಲೋಕದಲ್ಲಿ ಈ ಕೆಲಸ ಮಾಡುವ ಜೋಡಿಯೆಂದರೆ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಂಯು ಮತ್ತು 2007ರಲ್ಲಿ ಲಿನಕ್ಸ್ ಕರ್ನಲ್ ಸೇರಿದ ಕೆವಿಎಂ. ಓಡುತ್ತಿರುವ ಯಂತ್ರದ ಸ್ನ್ಯಾಪ್‌ಶಾಟ್ ತೆಗೆದರೆ ಮೂರು ಸಂಗತಿ ಉಳಿಯಬೇಕು: ಡಿಸ್ಕ್‌ನಲ್ಲಿದ್ದದ್ದು, ರ್‍ಯಾಮ್‌ನಲ್ಲಿದ್ದದ್ದು, ಮತ್ತು ಸಿಪಿಯು, ನೆಟ್‌ವರ್ಕ್ ಕಾರ್ಡ್, ಟೈಮರ್‌ಗಳು ಆ ಕ್ಷಣದಲ್ಲಿ ಇದ್ದ ಸ್ಥಿತಿ. ಮದುವೆ ಮನೆಯಲ್ಲಿ ಬಡಿಸುತ್ತಿದ್ದವನನ್ನು ಸೌಟು ಎತ್ತಿದಂತೆಯೇ ನಿಲ್ಲಿಸಿ, ಎರಡು ದಿನ ಬಿಟ್ಟು "ಈಗ ಮುಂದಿನ ಎಲೆಗೆ ಹಾಕು" ಅಂದ ಹಾಗೆ ಇದು. ಎಲೆ ಅಲ್ಲೇ ಇದ್ದರೆ ಸರಿ.

ಸೇವ್ ಮಾಡುವಾಗಲೇ ಕೈಕೊಟ್ಟರೆ ನಿಮ್ಮ ಅದೃಷ್ಟ ಚೆನ್ನಾಗಿದೆ ಅಂದುಕೊಳ್ಳಿ. ಕಾರಣ ಪರದೆಯ ಮೇಲೆಯೇ ಬರುತ್ತದೆ. ಇಂಥ ಡಿವೈಸ್‌ಗೆ ಬರೆಯಲು ಬರುತ್ತದೆ, ಆದರೆ ಅದು ಸ್ನ್ಯಾಪ್‌ಶಾಟ್ ಬೆಂಬಲಿಸುವುದಿಲ್ಲ ಎಂಬ ಅರ್ಥದ ಸಾಲು ಕಂಡರೆ, ಯಂತ್ರಕ್ಕೆ ಜೋಡಿಸಿದ ಡಿಸ್ಕ್‌ಗಳಲ್ಲಿ ಒಂದು ಬಹುಶಃ ರಾ ಮಾದರಿಯದು ಎಂದು ತಿಳಿಯಬೇಕು. ಕ್ಯೂಎಂಯು ಒಳ ಸ್ನ್ಯಾಪ್‌ಶಾಟ್ ಇಡುವುದು ಕ್ಯೂಕೌ2 ಮಾದರಿಯ ಡಿಸ್ಕ್ ಕಡತದ ಹೊಟ್ಟೆಯಲ್ಲಿ. ರಾ ಕಡತದಲ್ಲಿ ಅದಕ್ಕೆ ಜಾಗವೇ ಇಲ್ಲ. ತಮಾಷೆಯೆಂದರೆ ಆ ತಪ್ಪಿತಸ್ಥ ಡಿಸ್ಕ್ ಎಷ್ಟೋ ಸಲ ಯಾರೂ ಡಿಸ್ಕ್ ಎಂದೇ ಎಣಿಸದ ವಸ್ತು: ಯುಇಎಫ್‌ಐ ಫರ್ಮ್‌ವೇರ್ ತನ್ನ ಸೆಟ್ಟಿಂಗ್ ಬರೆದಿಟ್ಟುಕೊಳ್ಳುವ ಪುಟ್ಟ ಎನ್‌ವಿರ್‍ಯಾಮ್ ಕಡತ. 2021ರಲ್ಲಿ ಬಂದ ವಿಂಡೋಸ್ 11 ಯುಇಎಫ್‌ಐ ಇಲ್ಲದೆ ಆಗುವುದಿಲ್ಲ ಎಂದದ್ದರಿಂದ ಈ ತೊಡಕು ಮನೆಮನೆಗೆ ಬಂತು. ಲಿಬ್‌ವರ್ಟ್ ಎಂಬ, ಕ್ಯೂಎಂಯು ಯಂತ್ರಗಳನ್ನು ನಿರ್ವಹಿಸುವ ಸಾಫ್ಟ್‌ವೇರ್ ಬಹಳ ಕಾಲ ಇಂಥ ಯಂತ್ರಕ್ಕೆ ಒಳ ಸ್ನ್ಯಾಪ್‌ಶಾಟ್ ಸಾಧ್ಯವಿಲ್ಲವೆಂದು ನೇರವಾಗಿಯೇ ನಿರಾಕರಿಸುತ್ತಿತ್ತು. ಹೊಸ ಆವೃತ್ತಿಗಳಲ್ಲಿ ಆ ಕಡತವನ್ನೂ ಕ್ಯೂಕೌ2 ಮಾಡಿದರೆ ದಾರಿ ತೆರೆಯುತ್ತದೆ.

ಇನ್ನೊಂದು ನಿರಾಕರಣೆಯಲ್ಲಿ ಇನ್ವ್‌ಟಿಎಸ್‌ಸಿ ಎಂಬ ಹೆಸರು ಬರುತ್ತದೆ. ಸಿಪಿಯುನ ವೇಗ ಏರಿಳಿದರೂ ಒಂದೇ ಲಯದಲ್ಲಿ ಎಣಿಸುವ ಗಡಿಯಾರ ಇದೆ ಎಂದು ಒಳಗಿನ ಯಂತ್ರಕ್ಕೆ ಮಾತು ಕೊಟ್ಟಿದ್ದೀರಿ. ಎದ್ದು ಬರುವ ಹೊತ್ತಿಗೆ ಆ ಲಯ ಬೇರೆಯಾಗಿದ್ದರೆ ಮಾತು ಸುಳ್ಳಾಗುತ್ತದೆ. ಅದಕ್ಕೇ ಕ್ಯೂಎಂಯು ಸೇವ್ ಮಾಡಲು ಒಪ್ಪುವುದಿಲ್ಲ. ಹುಡುಗರು ಇದನ್ನು ಬಗ್ ಅಂತ ಬೈಯುತ್ತಾರೆ. ನನಗಂತೂ ಅದು ಪ್ರಾಮಾಣಿಕತೆಯಾಗಿಯೇ ಕಾಣುತ್ತದೆ. ಡಿಸ್ಕ್ ತುಂಬಿ ಸೇವ್ ಅರ್ಧಕ್ಕೆ ನಿಂತದ್ದನ್ನು ಪತ್ತೆ ಮಾಡಲು ಲೇಖನ ಬೇಕಿಲ್ಲ: 8 ಜಿಬಿ ರ್‍ಯಾಮ್ ಇರುವ ಯಂತ್ರಕ್ಕೆ ಹತ್ತಿರ ಹತ್ತಿರ ಅಷ್ಟೇ ಜಾಗ ಖಾಲಿ ಬೇಕಾಗಬಹುದು.

ನಿಜವಾದ ತಲೆನೋವು ರಿಸ್ಟೋರ್. ಸೇವ್ ಸದ್ದಿಲ್ಲದೆ ಮುಗಿದಿರುತ್ತದೆ, ಹಸಿರು ಗುರುತೂ ಬಂದಿರುತ್ತದೆ. ಮೂರು ತಿಂಗಳ ಮೇಲೆ ಬೇಕಾದಾಗ ಯಂತ್ರ ಏಳುವುದಿಲ್ಲ. ಇಲ್ಲಿ ಹುಡುಕುವವನು ಮೊದಲು ಕೇಳಬೇಕಾದ್ದು "ಕಡತ ಕೆಟ್ಟಿದೆಯೇ" ಅಂತಲ್ಲ, "ನಡುವೆ ಏನು ಬದಲಾಯಿತು" ಅಂತ. ಉಳಿಸಿಟ್ಟ ಸ್ಥಿತಿಯಲ್ಲಿ ಪ್ರತಿ ಡಿವೈಸ್‌ಗೂ ಹೆಸರು ಮತ್ತು ಆವೃತ್ತಿ ಹಚ್ಚಿದ ಒಂದೊಂದು ಭಾಗ ಇರುತ್ತದೆ. ಓದಿಕೊಳ್ಳುವ ಯಂತ್ರ ಅದೇ ಆಕಾರದಲ್ಲಿ ಇರಬೇಕು. ಒಂದು ಯುಎಸ್‌ಬಿ ಕಂಟ್ರೋಲರ್ ತೆಗೆದಿದ್ದರೂ ಗೊತ್ತಿಲ್ಲದ ಭಾಗ ಬಂತೆಂದು ದೂರಿ ನಿಲ್ಲುತ್ತದೆ. ಏನೂ ಮುಟ್ಟಿಲ್ಲ ಅಂದರೂ ಕ್ಯೂ35 ಎಂಬ ಬರೀ ಬೋರ್ಡ್ ಹೆಸರಿನಿಂದ ಯಂತ್ರ ಎಬ್ಬಿಸುವವರಿಗೆ ಅಪಾಯ ಇದ್ದೇ ಇದೆ: ಕ್ಯೂಎಂಯು ಹೊಸದಾದಾಗ ಆ ಹೆಸರು ಹೊಸ ಮಾದರಿಯ ಬೋರ್ಡನ್ನು ತೋರಿಸುತ್ತದೆ. ಆವೃತ್ತಿ ಸಂಖ್ಯೆ ಸೇರಿದ ಪೂರ್ತಿ ಹೆಸರನ್ನೇ ಬರೆಯುವುದು ಇದಕ್ಕೆ ಮದ್ದು. ಸ್ಥಿತಿಯ ಕಡತದೊಳಗೆ ಏನಿದೆಯೆಂದು ಬಿಡಿಸಿ ತೋರಿಸುವ ಒಂದು ಪೈಥಾನ್ ಸ್ಕ್ರಿಪ್ಟ್ ಕ್ಯೂಎಂಯು ಮೂಲದ ಜೊತೆಗೇ ಬರುತ್ತದೆ; ಹುಡುಕುವವರು ಅದನ್ನು ಮರೆಯುವುದೇ ಹೆಚ್ಚು.

ಬೋರ್ಡ್ ಅದೇ, ಲ್ಯಾಪ್‌ಟಾಪ್ ಅದೇ, ಕ್ಯೂಎಂಯು ಅದೇ, ಆದರೂ ಏಳದಿದ್ದರೆ? ಆಗ ಸಿಪಿಯುವನ್ನೇ ಅನುಮಾನಿಸಬೇಕು. 2014ರಲ್ಲಿ ಇಂಟೆಲ್ ತನ್ನ ಹ್ಯಾಸ್‌ವೆಲ್ ಚಿಪ್‌ಗಳಲ್ಲಿ ಟಿಎಸ್‌ಎಕ್ಸ್ ಎಂಬ ಸೌಲಭ್ಯದಲ್ಲಿ ದೋಷ ಕಂಡು ಮೈಕ್ರೋಕೋಡ್ ಅಪ್‌ಡೇಟಿನಿಂದ ಆ ಸೌಲಭ್ಯವನ್ನೇ ನಿಲ್ಲಿಸಿತು. 2021ರಲ್ಲಿ ಮತ್ತಷ್ಟು ಚಿಪ್‌ಗಳಿಗೆ ಅದೇ ಆಯಿತು. ಬೆಳಿಗ್ಗೆ ಅಪ್‌ಡೇಟ್ ಹಾಕಿ ರೀಬೂಟ್ ಮಾಡಿದವನ ಚಿಪ್ ಸಂಜೆಗೆ ಟಿಎಸ್‌ಎಕ್ಸ್‌ನ ಎರಡು ಭಾಗಗಳಾದ ಎಚ್‌ಎಲ್‌ಇ, ಆರ್‌ಟಿಎಂಗಳನ್ನು ಮರೆತಿರುತ್ತಿತ್ತು. ನಿನ್ನೆಯ ಸ್ನ್ಯಾಪ್‌ಶಾಟ್ ಮಾತ್ರ ಅವು ಬೇಕೇ ಬೇಕು ಎನ್ನುತ್ತಿತ್ತು. ಲಾಗ್‌ನಲ್ಲಿ ಎಚ್‌ಎಲ್‌ಇ, ಆರ್‌ಟಿಎಂ ಕಾಣೆಯಾಗಿವೆ ಎಂಬ ಸಾಲು ಬಂದರೆ ಇದೇ ಕತೆ. ಹೋಸ್ಟ್ ಸಿಪಿಯುವನ್ನು ಇದ್ದಂತೆಯೇ ಒಳಗೆ ಬಿಡುವ ಬದಲು ಹೆಸರಿಟ್ಟ ಒಂದು ಹಳೆಯ ಮಾದರಿ ಕೊಟ್ಟರೆ ವೇಗ ಕೊಂಚ ಹೋಗಬಹುದು, ನಿದ್ದೆ ಉಳಿಯುತ್ತದೆ.

ಏಳುವುದೇ ಗೆಲುವೂ ಅಲ್ಲ. ಎದ್ದ ಯಂತ್ರಕ್ಕೆ ತಾನು ಮಲಗಿದ್ದು ಗೊತ್ತಿರುವುದಿಲ್ಲ. ಗಡಿಯಾರ ಹಿಂದೆ ಬಿದ್ದಿರುತ್ತದೆ. ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಕರ್ಬೆರೋಸ್ ಲಾಗಿನ್ ಸಾಮಾನ್ಯವಾಗಿ ಬಾಗಿಲು ತೆರೆಯುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದನ್ನು 2010ರಲ್ಲಿ ಥಾಮಸ್ ರಿಸ್ಟೆನ್‌ಪಾರ್ಟ್ ಮತ್ತು ಸ್ಕಾಟ್ ಯಿಲೆಕ್ ತೋರಿಸಿಕೊಟ್ಟರು: ಒಂದೇ ಸ್ನ್ಯಾಪ್‌ಶಾಟನ್ನು ಎರಡು ಸಲ ಎಬ್ಬಿಸಿದರೆ ಯಂತ್ರ ಎರಡೂ ಸಲ ಅದೇ "ಯಾದೃಚ್ಛಿಕ" ಸಂಖ್ಯೆ ಹೆರಬಹುದು, ಗುಪ್ತಲಿಪಿಯ ಕೀಲಿ ಹೊರಬೀಳಬಹುದು. ನೀನು ಹಿಂದಕ್ಕೆ ಹೋಗಿ ಬಂದಿದ್ದೀಯ ಎಂದು ಯಂತ್ರಕ್ಕೆ ತಿಳಿಸುವ ಗುರುತನ್ನು ಮೈಕ್ರೋಸಾಫ್ಟ್ ವಿಂಡೋಸ್ ಸರ್ವರ್ 2012ರಲ್ಲಿ ತಂದಿತು. ಲಿನಕ್ಸ್ ಕರ್ನಲ್ ಅದನ್ನು ತನ್ನ ಯಾದೃಚ್ಛಿಕ ಸಂಖ್ಯೆಗಳಿಗೆ ಬಳಸಿಕೊಂಡದ್ದು 2022ರಲ್ಲಿ, 5.18ರಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ, ಹೈದರಾಬಾದ್ ವಲಯ ತೆರೆದ ತಿಂಗಳಲ್ಲೇ, ಅಮೆಜಾನ್ ಜಾವಾ ಪ್ರೋಗ್ರಾಂಗಳನ್ನು ಸ್ನ್ಯಾಪ್‌ಶಾಟ್‌ನಿಂದ ಎಬ್ಬಿಸುವ ಸ್ನ್ಯಾಪ್‌ಸ್ಟಾರ್ಟ್ ಸೇವೆ ಪ್ರಕಟಿಸಿತು. ಅದನ್ನು ಬಳಸುವವರಿಗೂ ಇದೇ ಎಚ್ಚರಿಕೆ ಬೇಕು.

ಧಾರೂರಿನ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಸಂದರ್ಶನಕ್ಕೆ ಓದುತ್ತಿರುವವರು ಈ ತಪ್ಪುಗಳನ್ನೆಲ್ಲ ಬೇಕೆಂದೇ ಮಾಡಿ ನೋಡಬಹುದು, ಖರ್ಚಿಲ್ಲ. ಒಂದು ಡೆಬಿಯನ್ ಯಂತ್ರ ಮಾಡಿ, ಸ್ನ್ಯಾಪ್‌ಶಾಟ್ ತೆಗೆದು, ನೆಟ್‌ವರ್ಕ್ ಕಾರ್ಡ್ ಬದಲಿಸಿ ರಿಸ್ಟೋರ್ ಒತ್ತಿ, ಲಾಗ್ ಓದಿ. ಕಂಪನಿಯಲ್ಲಿ ಕೆಲಸಕ್ಕಿರುವವರು ಮಾಡಬೇಕಾದ್ದು ಬೇರೆ. ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದು ಬಳಸಬೇಡಿ, ಒಂದನ್ನು 72 ಗಂಟೆಗಿಂತ ಹೆಚ್ಚು ಇಡಬೇಡಿ ಎಂದು ವರ್ಚುವಲ್ ಮಷೀನ್ ಸಾಫ್ಟ್‌ವೇರ್ ಮಾರುವ ವಿಎಂವೇರ್ ತನ್ನ ಗ್ರಾಹಕರಿಗೆ ಹೇಳುತ್ತಲೇ ಬಂದಿದೆ. ನಿಮ್ಮ ಸರ್ವರ್‌ನಲ್ಲಿರುವ ಅತಿ ಹಳೆಯದರ ತಾರೀಖು ಇವತ್ತೇ ನೋಡಿ. ಅದನ್ನು ಪ್ರತ್ಯೇಕ ಯಂತ್ರದಲ್ಲಿ ಒಮ್ಮೆ ಎಬ್ಬಿಸಿ ನೋಡುವ ತನಕ ಅಪ್‌ಡೇಟ್ ಮುಂದೂಡಿ.